ಸಿಂಗಪುರದ ‘ನ್ಯೂವಾಟರ್’

ಬಳಸಿದ ನೀರನ್ನು ಶುದ್ಧೀಕರಿಸಿ ಸಿಂಗಪುರವು ಮರಳಿ ಪೂರೈಸುವ ನೀರಿಗೆ ‘ನ್ಯೂವಾಟರ್’ ಎಂದು ಹೆಸರು. ದೊಡ್ಡ ನದಿಯಾಗಲಿ, ಹೇಳಿಕೊಳ್ಳುವಂಥ ಅಂತರ್ಜಲವಾಗಲಿ ಇಲ್ಲದ ಈ ದ್ವೀಪನಗರ ನೆರೆಯ ಮಲೇಷ್ಯಾದ ಜೋಹೋರ್ ನದಿಯ ನೀರನ್ನೂ ಅವಲಂಬಿಸಿದೆ. ಅದಕ್ಕೆ ಆಧಾರವಾದ 1962ರ ಒಪ್ಪಂದ 2061ಕ್ಕೆ ಮುಗಿಯಲಿದೆ. ಅಷ್ಟರೊಳಗೆ ನೀರಿನಲ್ಲಿ ಸ್ವಾವಲಂಬನೆ ಸಾಧಿಸುವುದು ನಗರದ ಗುರಿ.

ಮೊದಲ ಎರಡು ಸ್ಥಾವರಗಳು 2003ರಲ್ಲಿ ಬೆಡೋಕ್ ಹಾಗೂ ಕ್ರಾಂಜಿಗಳಲ್ಲಿ ಆರಂಭಗೊಂಡವು. ಸಂಸ್ಕರಿಸಿದ ಕೊಳಚೆ ನೀರನ್ನು ಇಲ್ಲಿ ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ರಿವರ್ಸ್ ಆಸ್ಮೋಸಿಸ್‌ಗೆ ಒಳಪಡಿಸಿ, ಕೊನೆಗೆ ಅತಿನೇರಳೆ ಕಿರಣಗಳಿಂದ ರೋಗಾಣುಮುಕ್ತಗೊಳಿಸಲಾಗುತ್ತದೆ.

ಇದರ ಬಹುಪಾಲು ಚಿಪ್ ತಯಾರಿಕೆಯಂಥ ಕೈಗಾರಿಕೆಗಳಿಗೆ ಸಲ್ಲುತ್ತದೆ. ಮಳೆ ಕಡಿಮೆಯಾದ ತಿಂಗಳುಗಳಲ್ಲಿ ಒಂದಿಷ್ಟನ್ನು ಜಲಾಶಯಗಳಿಗೆ ಬೆರೆಸಿ, ಮತ್ತೊಮ್ಮೆ ಶುದ್ಧೀಕರಿಸಿ ಕುಡಿಯಲು ಒದಗಿಸಲಾಗುತ್ತದೆ. ಮಳೆ ಕೈಕೊಟ್ಟರೂ ಈ ಮೂಲ ಬತ್ತದೆಂಬುದೇ ಇದರ ಹೆಚ್ಚುಗಾರಿಕೆ.