ಸರ್ಕಾರದ ಸಾಲ, ಪ್ರಜೆಯ ಉಪ್ಪು

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲಸಿ ದಿನವೂ ರೈಲನ್ನೇರುವ ಕನ್ನಡಿಗರಿಗೆ ಆ ಹಳಿಗಳ ಪೂರ್ವಚರಿತ್ರೆ ಅಪರಿಚಿತವೇನಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿತು; ಮರುವರ್ಷ ಮಾರ್ಗವು ಕಲ್ಯಾಣವನ್ನು ಮುಟ್ಟಿತು. ಆದರೆ ಆ ಮಾರ್ಗಕ್ಕೆ ತೊಡಗಿಸಿದ ಹಣದ ಬಡ್ಡಿಗೆ ಹೊಣೆಯಾದವರು ಯಾರೆಂಬುದು ಅಷ್ಟಾಗಿ ವಿಚಾರಕ್ಕೆ ಬಂದ ವಿಷಯವಲ್ಲ.

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯ ಬಂಡವಾಳ ಬಂದುದು ಇಂಗ್ಲೆಂಡಿನಿಂದ. 1849ರ ಒಪ್ಪಂದದಂತೆ ಆ ಬಂಡವಾಳಕ್ಕೆ ನೂರಕ್ಕೆ 5ರಂತೆ ಬಡ್ಡಿಯ ಖಾತರಿ ದೊರೆಯಿತು. ಗಾಡಿಯ ಉತ್ಪನ್ನ ಸಾಲದಿದ್ದರೆ ಕೊರತೆಯನ್ನು ಭಾರತದ ಬೊಕ್ಕಸ ತುಂಬಬೇಕು. ಲಾಭ ನಿಶ್ಚಿತವಾದ ಮೇಲೆ ಮಿತವ್ಯಯದ ಚಿಂತೆ ಉಳಿಯುವುದು ಕಷ್ಟ. ಒಟ್ಟಾರೆ ನೋಡಿದರೆ, ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬರುವವರೆಗೂ ಭಾರತದ ರೈಲುಗಳು ಬೊಕ್ಕಸಕ್ಕೆ ನಿವ್ವಳ ಲಾಭ ತಂದುಕೊಡಲಿಲ್ಲ.

ಇದರ ಮೇಲೆ 1857ರ ದಂಗೆಯನ್ನು ಅಡಗಿಸಿದ ವೆಚ್ಚ ಬಂದಿತು. ಕೋಟ್ಯಂತರ ಪೌಂಡುಗಳ ಆ ಮೊತ್ತವನ್ನೂ ಭಾರತದ ಸಾಲವೆಂದೇ ಬರೆದುಕೊಳ್ಳಲಾಯಿತು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮುಗಿದರೂ ಅದರ ಪಾಲುದಾರರಿಗೆ ನೂರಕ್ಕೆ ಹತ್ತೂವರೆಯಂತೆ ಲಾಭಾಂಶವು ಭಾರತದ ಆದಾಯದಿಂದಲೇ ಸಲ್ಲುತ್ತಿತ್ತು. 1874ರಲ್ಲಿ ಆ ಪಾಲುಗಳನ್ನು ತೀರಿಸಿದ ಭಾರವೂ ಭಾರತದ ಮೇಲೆಯೇ ಬಿದ್ದಿತು. ಆಳಿದವರ ವ್ಯಾಪಾರದ ಬೆಲೆಯನ್ನು ಆಳಿಸಿಕೊಂಡವರು ತೆತ್ತಂತಾಯಿತು.

ಈ ಋಣ ಪ್ರಜೆಯ ಮನೆಯನ್ನು ಹೊಕ್ಕ ಬಗೆ ಎರಡು. 1860ರಲ್ಲಿ ಅರ್ಥಸದಸ್ಯ ಜೇಮ್ಸ್ ವಿಲ್ಸನ್ ವರಮಾನ ತೆರಿಗೆಯನ್ನು ತಂದನು; ವರ್ಷಕ್ಕೆ 200 ರೂಪಾಯಿ ಬರುವವನೂ ಅದಕ್ಕೆ ಒಳಗಾದನು. ಅಷ್ಟೂ ಇಲ್ಲದವನನ್ನು ಮುಟ್ಟಿದುದು ಉಪ್ಪಿನ ತೆರಿಗೆ.

ಆಗ ಠಾಣೆಯ ಕಡಲತಡಿಯೂ, ಧಾರವಾಡ, ಬೆಳಗಾಂವಿ, ಕಲಾದಗಿಗಳೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1862ರಲ್ಲಿ ಉತ್ತರ ಕನ್ನಡವೂ ಬಂದು ಕೂಡಿತು. ಭಾಯಂದರ, ಉರಣಗಳ ಆಗರದ ಉಪ್ಪಿಗೂ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿಗೂ ಸರ್ಕಾರ ಒಂದೇ. ಈ ಪ್ರಾಂತದಲ್ಲಿ ಮಣವೊಂದಕ್ಕೆ, ಎಂದರೆ ಸುಮಾರು 37 ಕಿಲೋಗ್ರಾಮಿಗೆ, 1859ರ ಮೊದಲು 12 ಆಣೆಯಿದ್ದ ತೆರಿಗೆಯು ಆ ವರ್ಷ 1 ರೂಪಾಯಿಗೂ 1861ರಲ್ಲಿ 1 ರೂಪಾಯಿ 4 ಆಣೆಗೂ ಏರಿತು. 1877ರ ಕೊನೆಗೆ, ಪ್ರಾಂತಗಳ ದರಗಳನ್ನು ಸರಿದೂಗಿಸುವ ಹೆಸರಿನಲ್ಲಿ, ಎರಡೂವರೆ ರೂಪಾಯಿಯಾಯಿತು. ಅದೇ ಕಾಲಕ್ಕೆ ಕಲಾದಗಿ, ಧಾರವಾಡಗಳು ಭೀಕರ ಕ್ಷಾಮದಿಂದ ತತ್ತರಿಸುತ್ತಿದ್ದವೆಂಬುದನ್ನು ಮರೆಯಲಾಗದು. ಉಪ್ಪಿನ ಕಂದಾಯವೆಲ್ಲ ಬಡ್ಡಿಗೇ ಹೋಯಿತೆಂದು ಹೇಳಲಾಗದು. ಸೈನ್ಯ, ಆಡಳಿತಗಳೂ ಅದನ್ನು ಉಂಡವು. ಆದರೆ ಬಡ್ಡಿಯು ತಪ್ಪಿಸಲಾಗದ ಖರ್ಚಾದ ಮೇಲೆ, ಸರ್ಕಾರಕ್ಕೆ ಎಂದೂ ಬತ್ತದ ಆದಾಯವೊಂದು ಬೇಕಾಯಿತು. ಬಡವನೂ ಬಲ್ಲಿದನೂ ತಿನ್ನುವ ಉಪ್ಪು ಹೆಚ್ಚು ಕಡಿಮೆ ಒಂದೇ ಅಳತೆಯದು. ತೆರುವ ಶಕ್ತಿ ಮಾತ್ರ ಬೇರೆ. 1930ರಲ್ಲಿ ಅಂಕೋಲೆಯ ಜನ ಉಪ್ಪು ತಯಾರಿಸಿ ಕಾಯಿದೆ ಮುರಿದುದರ ಹಿಂದೆ ಈ ದೀರ್ಘ ಅನುಭವವಿತ್ತು.

ಇಂದಿನ ಸ್ಥಿತಿ ಬೇರೆ. ಸಾಲದ ಬಹುಭಾಗ ದೇಶದೊಳಗಿನದು. ಬ್ಯಾಂಕು, ವಿಮೆ, ಭವಿಷ್ಯನಿಧಿಗಳ ಮೂಲಕ ಪ್ರಜೆಯೇ ಸಾಲಿಗನೂ ಸಾಲಗಾರನೂ ಆಗಿದ್ದಾನೆ. ಆಯವ್ಯಯಕ್ಕೆ ಸಂಸತ್ತಿನ ಒಪ್ಪಿಗೆ ಬೇಕು. ಹಾಗಿದ್ದರೂ 2025-26ರ ಕೇಂದ್ರ ಆಯವ್ಯಯದ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿಗೆ ಮೀಸಲಾಯಿತು. ಆ ಪಾಲು ಬೆಳೆದಷ್ಟೂ ಶಾಲೆ, ಆಸ್ಪತ್ರೆಗಳಿಗೆ ಉಳಿಯುವುದು ಕಡಿಮೆ. ಇಲ್ಲವೆ ತೆರಿಗೆಯೋ ಬೆಲೆಯೋ ಏರಬೇಕು. ಅಂಗಡಿಯಲ್ಲಿ ತೆರುವ ತೆರಿಗೆ ಇಂದಿಗೂ ಕೊಳ್ಳುವವನ ವರಮಾನವನ್ನು ಕೇಳುವುದಿಲ್ಲ.

ಸಾಲವು ತಾನಾಗಿ ಕೇಡಲ್ಲ. ಠಾಣೆಯ ಹಳಿಗಳು ಇಂದಿಗೂ ಲಕ್ಷಾಂತರ ಜನರನ್ನು ಹೊರುತ್ತಿವೆ. ಆದರೆ ಹಳಿ ಯಾರಿಗಾಗಿ, ಲಾಭ ಯಾರಿಗೆ, ಬಡ್ಡಿ ಯಾರ ಉಪ್ಪಿನಿಂದ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಧಿಕಾರ 1860ರ ರೈತನಿಗಿರಲಿಲ್ಲ. ಇಂದಿನ ಪ್ರಜೆಗೆ ಅದುಂಟು. ಅದನ್ನು ಚಲಾಯಿಸುವುದೇ ಅವನ ಹೊಣೆ.