‘ಇಫ್ ಐ ವರ್ ಎ ಬರ್ಡ್’: ಈ ಹಕ್ಕಿ ನಮ್ಮ ಶಾಲೆಗೆ ಹಾರಿಬಂದ ದಾರಿ

ಹೈಸ್ಕೂಲಿನ ಇಂಗ್ಲಿಷ್ ಪಾಠ ನೆನಪಿರುವವರಿಗೆ ಈ ಹಕ್ಕಿಯ ಪರಿಚಯ ಇದ್ದೇ ಇರುತ್ತದೆ. ‘ಇಫ್ ಐ ವರ್ ಎ ಬರ್ಡ್, ಐ ______ ಫ್ಲೈ.’ ಖಾಲಿ ಜಾಗದಲ್ಲಿ ‘ವುಡ್’ ಎಂದು ಬರೆದರೆ ಅಂಕ ಬಂತು. ‘ಐ’ ಜೊತೆ ‘ವಾಸ್’ ಬರಬೇಕು ಎಂದು ಅಷ್ಟು ವರ್ಷ ಹೇಳಿಕೊಟ್ಟವರೇ ಇಲ್ಲಿ ಮಾತ್ರ ‘ವರ್’ ಯಾಕೆ ಅನ್ನುತ್ತಾರೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದರೂ ‘ಅದು ರೂಲ್’ ಅನ್ನುವ ಉತ್ತರ.

ಆ ಅಂಕ ತೆಗೆದುಕೊಂಡವರೇ ಮುಂದೆ ಬೆಂಗಳೂರಿನಲ್ಲಿ ಕೆಲಸದ ಸಂದರ್ಶನಕ್ಕೆ ಕೂರುತ್ತಾರೆ. ‘ಈ ಕೆಲಸ ಸಿಕ್ಕರೆ ಏನು ಮಾಡ್ತೀರಿ?’ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಗಂಟಲು ಒಣಗುತ್ತದೆ. ಖಾಲಿ ಜಾಗ ತುಂಬಲು ಬಂದ ವಾಕ್ಯ ಬಾಯಿಗೆ ಬರುವುದಿಲ್ಲ. ಇದು ಹಳ್ಳಿ ಮಕ್ಕಳ ದಡ್ಡತನ ಎಂದು ಬಹಳ ಜನ ನಂಬಿದ್ದಾರೆ, ಮಕ್ಕಳೂ ನಂಬಿದ್ದಾರೆ. ಆದರೆ ಈ ಅಭ್ಯಾಸ ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು ಎಂದು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ.

ಮೊದಲು ನಮ್ಮ ಮನೆಯ ಮಾತನ್ನೇ ನೋಡೋಣ. ‘ಮಳೆ ಬಂದರೆ ಬಿತ್ತುತ್ತೇವೆ.’ ‘ಬೋರ್‌ವೆಲ್ ಇದ್ದರೆ ಕಬ್ಬು ಹಾಕ್ತಿದ್ದೆ.’ ‘ಹೋದ ವರ್ಷ ಮಳೆ ಬಂದಿದ್ದರೆ ಸಾಲ ತೀರ್ತಿತ್ತು.’ ಮೊದಲನೆಯದು ಆಗಬಹುದಾದ ಮಾತು, ಎರಡನೆಯದು ಈಗ ಇಲ್ಲದ್ದರ ಮಾತು, ಮೂರನೆಯದು ಕೈಮೀರಿ ಹೋದದ್ದರ ಮಾತು. ಇಂಗ್ಲಿಷ್ ಪುಸ್ತಕಗಳು ಒಂದನೇ, ಎರಡನೇ, ಮೂರನೇ ಕಂಡೀಷನಲ್ ಎಂದು ಕರೆಯುವುದು ಇವನ್ನೇ. ರೈತರ ಮನೆಯ ಮಗು ಶಾಲೆಗೆ ಹೋಗುವ ಮೊದಲೇ ಮೂರನ್ನೂ ನೂರಾರು ಸಲ ಕೇಳಿರುತ್ತದೆ. ನಮ್ಮಲ್ಲಿ ಜೀವನ ನಡೆಯುವುದೇ ‘ಆದರೆ’, ‘ಬಂದರೆ’, ‘ಸಿಕ್ಕರೆ’ಗಳ ಮೇಲಲ್ಲವೇ?

ಈ ‘ಅರೆ’ಗೂ ವಯಸ್ಸಾಗಿದೆ. ಹಳಗನ್ನಡದಲ್ಲಿ ‘ಬಂದೊಡೆ’ ಎನ್ನುತ್ತಿದ್ದರು, ವಚನಗಳ ಕಾಲಕ್ಕೆ ‘ಬಂದಡೆ’ ಹೆಚ್ಚಾಯಿತು, ಈಗ ‘ಬಂದರೆ’. ಇನ್ನೊಂದು ಸಂಗತಿ ಗಮನಿಸಿ. ‘ನಾಳೆ ಮಳೆ ಬಂದರೆ’ ಎನ್ನುವಾಗ ನಾವು ಬಳಸುವುದು ‘ಬಂದ’ ಎಂಬ ಭೂತಕಾಲದ ರೂಪ. ನಾಳೆಯ ಮಾತಿಗೆ ನಿನ್ನೆಯ ರೂಪ! ‘ಇಫ್ ಐ ಹ್ಯಾಡ್ ಮನಿ’ ಎನ್ನುವಾಗ ಇಂಗ್ಲಿಷ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಈಗ ಇಲ್ಲದ ದುಡ್ಡಿನ ಮಾತಿಗೆ ಭೂತಕಾಲದ ‘ಹ್ಯಾಡ್’. ಆ ‘ವರ್’ ಕೂಡ ಹಳೆಯ ಇಂಗ್ಲಿಷಿನಲ್ಲಿ ನಿಜವಲ್ಲದ್ದನ್ನು ಹೇಳಲು ಇದ್ದ ಬೇರೆ ಕ್ರಿಯಾರೂಪದ ಉಳಿಕೆ. ಉಳಿದ ಕ್ರಿಯಾಪದಗಳಲ್ಲಿ ಆ ವ್ಯತ್ಯಾಸ ಸವೆದು ಹೋಗಿದೆ, ಇಲ್ಲಿ ಮಾತ್ರ ಹಳೇ ಮನೆಯ ಕಂಬದ ಹಾಗೆ ನಿಂತಿದೆ. ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ಯಾಕೋ ನಮ್ಮ ತರಗತಿಗಳಲ್ಲಿ ಆ ಐದು ನಿಮಿಷ ಸಿಗಲಿಲ್ಲ.

ಈಗ ಪುಸ್ತಕಗಳ ಕಥೆಗೆ ಬರೋಣ.

1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ ಆದವನು, ಒಂದು ಚಿಕ್ಕ ಇಂಗ್ಲಿಷ್ ವ್ಯಾಕರಣ ಬರೆದ. ಅದನ್ನು ಮೀರಿ ಹೆಸರು ಮಾಡಿದ್ದು ಲಿಂಡ್ಲಿ ಮರ್ರೆಯ ವ್ಯಾಕರಣ. ಮರ್ರೆ ಅಮೆರಿಕದಲ್ಲಿ ವಕೀಲನಾಗಿದ್ದು, ನಂತರ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಳಿ ನೆಲೆಸಿದ. ಅಲ್ಲಿ ಕ್ವೇಕರ್ ಪಂಥದವರ ಹೆಣ್ಣುಮಕ್ಕಳ ಶಾಲೆಯೊಂದರ ಶಿಕ್ಷಕಿಯರು ಕೇಳಿದ್ದಕ್ಕೆ 1795ರಲ್ಲಿ ವ್ಯಾಕರಣ ಬರೆದುಕೊಟ್ಟ. ಎರಡು ವರ್ಷದ ನಂತರ ಅಭ್ಯಾಸಗಳ ಪುಸ್ತಕವೂ ಬಂತು. ಬೇಕೆಂದೇ ತಪ್ಪಾಗಿ ಬರೆದ ವಾಕ್ಯಗಳು ಅದರಲ್ಲಿ ಸಾಲುಸಾಲು. ‘ಇಫ್’ ಬಂದಾಗ ಕ್ರಿಯಾಪದ ಹೇಗಿರಬೇಕು ಎಂಬ ನಿಯಮ ಓದಿಕೊಂಡು ಹುಡುಗಿಯರು ತಪ್ಪು ತಿದ್ದಬೇಕು.

ನನ್ನ ಪ್ರಕಾರ ಇಡೀ ಕಥೆಯ ಗಂಟು ಇರುವುದು ಇಲ್ಲೇ. ಯಾರ್ಕಿನ ಆ ಹುಡುಗಿಯರು ಮನೆಯಲ್ಲಿ ಇಂಗ್ಲಿಷನ್ನೇ ಆಡುತ್ತಿದ್ದವರು. ಭಾಷೆ ಅವರಿಗೆ ಮೊದಲೇ ಬರುತ್ತಿತ್ತು. ಮರ್ರೆಯ ಅಭ್ಯಾಸ ಅದಕ್ಕೆ ಮೆರುಗು ಕೊಡಲು, ದೊಡ್ಡವರ ಎದುರು ತಪ್ಪಿಲ್ಲದೆ ಬರೆಯಲು. ಕಟ್ಟಿದ ಮನೆಗೆ ಸುಣ್ಣ ಹೊಡೆಯುವ ಕೆಲಸ ಅದು. ಅಂಥ ಪುಸ್ತಕಗಳೇ ಹಡಗು ಹತ್ತಿ ಇಂಡಿಯಾಕ್ಕೂ ಬಂದವು. ಇಲ್ಲಿ ಅಡಿಪಾಯವೇ ಹಾಕಿರಲಿಲ್ಲ, ಸುಣ್ಣದ ಡಬ್ಬಿ ಮಾತ್ರ ಕೈಗೆ ಬಂತು.

ಬರಲು ಕಾರಣ ಗೊತ್ತೇ ಇದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ 1833ರಲ್ಲೇ ಉಚಿತ ಇಂಗ್ಲಿಷ್ ಶಾಲೆ ತೆರೆದಿದ್ದರು. 1835ರ ಫೆಬ್ರುವರಿಯಲ್ಲಿ ಮೆಕಾಲೆ ತನ್ನ ಟಿಪ್ಪಣಿ ಬರೆದ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಕಲಿತವರಿಗೆ ಆದ್ಯತೆ ಎಂದು ಘೋಷಿಸಿದ. ಅಲ್ಲಿಂದ ಇಂಗ್ಲಿಷ್ ಎಂದರೆ ಸಂಬಳ. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಆಯಿತು, 1916ರಲ್ಲಿ ನಮ್ಮದೇ ಮೈಸೂರು ವಿಶ್ವವಿದ್ಯಾಲಯ ಬರುವವರೆಗೆ ಮೈಸೂರಿನ ಕಾಲೇಜು ಹುಡುಗರು ಅದರ ಪರೀಕ್ಷೆಗಳನ್ನೇ ಬರೆಯಬೇಕಿತ್ತು. ಸಾವಿರಾರು ಉತ್ತರಪತ್ರಿಕೆ ತಿದ್ದುವವನಿಗೆ ಬೇಕಾದದ್ದು ಸರಿ-ತಪ್ಪು ಬೇಗ ಗೊತ್ತಾಗುವ ಪ್ರಶ್ನೆ. ಹುಡುಗ ಮಾತಾಡುತ್ತಾನೋ ಇಲ್ಲವೋ ಎಂದು ಕಾಗದದ ಮೇಲೆ ನೋಡಲಾಗದು. ವ್ಯಾಕರಣ ತಿಳಿದಿದೆಯೇ ಎಂದು ನೋಡಬಹುದು.

19ನೇ ಶತಮಾನದ ಕೊನೆಗೆ ಬಂದದ್ದು ನೆಸ್‌ಫೀಲ್ಡ್. ಆತ ಉತ್ತರ ಭಾರತದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದವನು. ಆತನ ವ್ಯಾಕರಣ ಓದಿದ ತಲೆಮಾರು ಎಂಥಾ ಉದ್ದದ ವಾಕ್ಯವನ್ನೂ ಕತ್ತರಿಸಿ, ಇದು ಮುಖ್ಯವಾಕ್ಯ, ಇದು ಷರತ್ತು ಹೇಳುವ ಉಪವಾಕ್ಯ ಎಂದು ಬಿಡಿಸಿಡುತ್ತಿತ್ತು. 1930ರ ದಶಕದಲ್ಲಿ ಬಂದ ‘ರೆನ್ ಅಂಡ್ ಮಾರ್ಟಿನ್’ ಅಂತೂ ಇವತ್ತಿಗೂ ಪುಸ್ತಕದಂಗಡಿಗಳಲ್ಲಿ ಇದೆ. ಅದರ ಪಿ.ಸಿ. ರೆನ್ ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು. ಫ್ರೆಂಚ್ ಸೈನ್ಯದ ಸಾಹಸದ ಕಾದಂಬರಿ ‘ಬೋ ಜೆಸ್ಟ್’ (1924) ಬರೆದವನೂ ಅವನೇ. ಅಂಥ ರೋಚಕ ಕಥೆ ಬರೆದ ಕೈಯಿಂದ ಅಂಥ ಒಣ ಅಭ್ಯಾಸಗಳು ಹೇಗೆ ಬಂದವೋ!

ಸ್ವಾತಂತ್ರ್ಯದ ನಂತರ ಗಾಳಿ ಬದಲಾಯಿತು. ನಿಯಮ ಬಾಯಿಪಾಠ ಬೇಡ, ವಾಕ್ಯದ ಅಚ್ಚುಗಳನ್ನು ಒಂದೊಂದಾಗಿ ಕೊಟ್ಟು ಮತ್ತೆ ಮತ್ತೆ ಹೇಳಿಸೋಣ ಎಂಬ ಪದ್ಧತಿ ಬಂತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ಅದರ ನಿರ್ದೇಶಕರಾಗಿ ಕೆಲಸ ಮಾಡಿದವರು ನಮ್ಮ ವಿ.ಕೃ. ಗೋಕಾಕರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ವರದಿಗೆ, ಅದರ ಹಿಂದೆ ಎದ್ದ ಚಳವಳಿಗೆ ಯಾರ ಹೆಸರಿದೆಯೋ ಅವರೇ. ಎರಡನ್ನೂ ಒಬ್ಬರೇ ಮಾಡಬಹುದು ಎಂಬುದು ಇವತ್ತಿನ ಜಗಳಗಳಲ್ಲಿ ಮರೆತುಹೋಗಿದೆ. 1963ರಲ್ಲಿ ಬೆಂಗಳೂರಿನಲ್ಲೂ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆಯಿತು. ಮೇಷ್ಟ್ರುಗಳಿಗೆ ತರಬೇತಿ ಸಿಕ್ಕಿತು. ಆದರೆ ಈ ಅಚ್ಚಿನ ಪದ್ಧತಿಯಲ್ಲೂ ಒಂದು ತೊಂದರೆ. ‘ಇಫ್’ ವಾಕ್ಯ ಕಷ್ಟದ ಅಚ್ಚು ಎಂದು ಕೊನೆಯ ವರ್ಷಗಳಿಗೆ ತಳ್ಳುತ್ತಿದ್ದರು. ಏಳನೇ ತರಗತಿಗೇ ಶಾಲೆ ಬಿಟ್ಟವರಿಗೆ ಅದು ಸಿಗಲೇ ಇಲ್ಲ.

ಇಲ್ಲಿ ಬರುತ್ತಾರೆ ಎನ್.ಎಸ್. ಪ್ರಭು. ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಸೇರಿದಂತೆ ದಕ್ಷಿಣದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಪಂಚದಾದ್ಯಂತ ಭಾಷೆ ಕಲಿಸುವವರು ಇದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ನಮ್ಮೂರಿನ ಹೆಸರಿನ ಈ ಪ್ರಯೋಗ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಪ್ರಭು ಅವರ ತರಗತಿಯಲ್ಲಿ ವ್ಯಾಕರಣದ ಪಾಠವೇ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಅಂಗಡಿಯ ಲೆಕ್ಕ, ಇಂಥದ್ದನ್ನು ಕೊಟ್ಟು ಯೋಚಿಸಿ ಬಿಡಿಸುವ ಪ್ರಶ್ನೆ ಕೇಳುತ್ತಿದ್ದರು. ಮೊದಲು ಅಂಥದೇ ಒಂದು ಪ್ರಶ್ನೆಯನ್ನು ಮೇಷ್ಟ್ರು ಇಡೀ ತರಗತಿಯ ಜೊತೆ ಮಾತಾಡುತ್ತಾ ಬಿಡಿಸುವುದು, ಆಮೇಲೆ ಪ್ರತಿ ಮಗುವೂ ಇನ್ನೊಂದನ್ನು ತಾನೇ ಬಿಡಿಸುವುದು. ಉತ್ತರ ಸರಿಯೇ ಎಂದು ನೋಡುತ್ತಿದ್ದರೇ ಹೊರತು ಇಂಗ್ಲಿಷ್ ಸರಿಯೇ ಎಂದಲ್ಲ. ಮಾತಿನ ತಪ್ಪನ್ನು ದಾರಿಯಲ್ಲೇ ತಿದ್ದಿ ಮುಂದೆ ಸಾಗುವುದು, ಅದಕ್ಕೇ ಪಾಠ ನಿಲ್ಲಿಸುವುದಿಲ್ಲ. ಅರ್ಥದ ಮೇಲೆ ಮನಸ್ಸಿದ್ದಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ವೇಳಾಪಟ್ಟಿ ಮುಂದಿಟ್ಟುಕೊಂಡು ‘ಈ ರೈಲು ತಪ್ಪಿದರೆ?’ ಎಂದು ಕೇಳಿದರೆ ‘ಇಫ್’ ಇಲ್ಲದೆ ಮುಂದೆ ಹೋಗುವುದು ಹೇಗೆ?

1985ರಲ್ಲಿ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಇದರ ಮೌಲ್ಯಮಾಪನ ಪ್ರಕಟಿಸಿದರು. ಹಳೇ ಪದ್ಧತಿಯ ಮಕ್ಕಳು ಹಳೇ ರೀತಿಯ ಪರೀಕ್ಷೆಯಲ್ಲಿ ಮುಂದು, ಪ್ರಯೋಗದ ಮಕ್ಕಳು ತಮ್ಮ ರೀತಿಯದರಲ್ಲಿ ಮುಂದು. ಯಾವ ಪದ್ಧತಿಗೂ ಸೇರದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಯೋಗದ ಮಕ್ಕಳದೇ ಮೇಲುಗೈ. ತರಗತಿಗಳ ಹೋಲಿಕೆ ಪೂರ್ತಿ ಸಮತೂಕದ್ದಲ್ಲ ಎಂದು ಆ ಕಾಲದಲ್ಲೇ ಚರ್ಚೆ ನಡೆಯಿತು, ಅದೂ ನ್ಯಾಯವೇ. 1987ರಲ್ಲಿ ಪ್ರಭು ಪುಸ್ತಕ ಬರೆದರು, ಅದನ್ನು ಓದಿ ಹೊರದೇಶಗಳಲ್ಲಿ ಬೋಧನಾ ಪದ್ಧತಿಗಳು ಬದಲಾದವು. ಇಲ್ಲಿ ಪರೀಕ್ಷೆ ಬದಲಾಗಲಿಲ್ಲ. ಪರೀಕ್ಷೆ ಬದಲಾಗದಿದ್ದರೆ ಯಾವ ಮೇಷ್ಟ್ರು ತಾನೇ ವೇಳಾಪಟ್ಟಿ ಹಿಡಿದು ಕೂರುತ್ತಾರೆ? ಅವರನ್ನು ದೂರುವ ಹಾಗಿಲ್ಲ, ಫಲಿತಾಂಶ ಕಡಿಮೆಯಾದರೆ ಮೊದಲು ಉತ್ತರ ಹೇಳಬೇಕಾದವರು ಅವರೇ. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ನಮ್ಮ ಹಕ್ಕಿ ಮಾತ್ರ ಖಾಲಿ ಜಾಗದ ಪಂಜರದಲ್ಲೇ ಉಳಿಯಿತು.

ಅಭ್ಯಾಸವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದು ಕಡೆ ಅದು ಬೇಕೇ ಬೇಕು. ಕನ್ನಡದಲ್ಲಿ ‘ಇವತ್ತು ದುಡ್ಡಿದ್ದರೆ ಕೊಡ್ತಿದ್ದೆ’ ಎನ್ನುತ್ತೇವೆ, ‘ಅವತ್ತು ದುಡ್ಡು ಇದ್ದಿದ್ದರೆ ಕೊಡ್ತಿದ್ದೆ’ ಎಂದೂ ಎನ್ನುತ್ತೇವೆ. ಎರಡಕ್ಕೂ ‘ಕೊಡ್ತಿದ್ದೆ’ ಒಂದೇ. ಇಂಗ್ಲಿಷಿಗೆ ಒಂದು ಸಾಲದು. ಇವತ್ತಿನದಕ್ಕೆ ‘ಐ ವುಡ್ ಗಿವ್’, ಅವತ್ತಿನದಕ್ಕೆ ‘ಐ ವುಡ್ ಹ್ಯಾವ್ ಗಿವನ್’. ನಮ್ಮವರು ಎಡವುವುದು ಇಲ್ಲಿ, ತಿದ್ದಿ ತಿದ್ದಿ ಹೇಳಿಸಬೇಕಾದದ್ದೂ ಇಲ್ಲಿ. ‘ಇಫ್ ಇಟ್ ವಿಲ್ ರೈನ್’ ಎನ್ನುವ ತಪ್ಪನ್ನಂತೂ ಕನ್ನಡವೇ ತಿದ್ದುತ್ತದೆ. ‘ಮಳೆ ಬಂದರೆ’ ಎನ್ನುವಲ್ಲಿ ನಾವು ಭವಿಷ್ಯದ ರೂಪ ಬಳಸುವುದಿಲ್ಲ ತಾನೇ? ಅಲ್ಲೂ ‘ಇಫ್ ಇಟ್ ರೈನ್ಸ್’ ಅಷ್ಟೇ.

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಇವತ್ತು ಸಂಜೆ ಇದನ್ನು ಕೇಳಿ ನೋಡಿ. ಊರಿಂದ ತಾಲ್ಲೂಕಿಗೆ ಬೆಳಿಗ್ಗೆ 7 ಗಂಟೆಗೆ ಒಂದು ಬಸ್ಸು, 9ಕ್ಕೆ ಇನ್ನೊಂದು. ಒಂದು ಗಂಟೆಯ ದಾರಿ. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ 9.30ಕ್ಕೆ ಒಂದು ಬಸ್ಸು, ಆಮೇಲೆ 12ಕ್ಕೆ. ಅದೂ ಒಂದೂವರೆ ಗಂಟೆಯ ದಾರಿ. ಜಿಲ್ಲಾಸ್ಪತ್ರೆಯಲ್ಲಿ ಚೀಟಿ ಕೊಡುವುದು 1 ಗಂಟೆಯವರೆಗೆ ಎಂದಿಟ್ಟುಕೊಳ್ಳಿ. ಅಜ್ಜಿಗೆ ನಾಳೆ 7ರ ಬಸ್ಸು ತಪ್ಪಿದರೆ ಏನಾಗುತ್ತದೆ? ನಿನ್ನೆ 9ರ ಬಸ್ಸಿಗೆ ಹೋದವರು 7ರದ್ದಕ್ಕೇ ಹೋಗಿದ್ದರೆ ಏನಾಗುತ್ತಿತ್ತು? ಉತ್ತರ ಮೊದಲು ಕನ್ನಡದಲ್ಲಿ ಬರಲಿ, ಆಮೇಲೆ ಇಂಗ್ಲಿಷಿನಲ್ಲಿ. ‘ವುಡ್’ ತಪ್ಪಿದರೆ ತಕ್ಷಣ ಬೈಯಬೇಡಿ. ಅಜ್ಜಿಗೆ ಚೀಟಿ ಸಿಗುತ್ತದೋ ಇಲ್ಲವೋ, ಅದು ಸರಿ ಇದೆಯೇ ಎಂದು ಮೊದಲು ನೋಡಿ.