ಅರಿಶಿನ ಮತ್ತು ಮಿದುಳಿನ ಉರಿಯೂತ: ಕರ್ಕ್ಯುಮಿನ್ ಸಂಶೋಧನೆಯ ಒಂದು ಮರುಪರಿಶೀಲನೆ

ಮಿದುಳಿನ ಉರಿಯೂತವೆಂದರೆ ಬಹುಮಟ್ಟಿಗೆ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳ ವರ್ತನೆಯಲ್ಲಾಗುವ ಬದಲಾವಣೆ. ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ-ಒರ್ತೇಗ 1919ರಲ್ಲಿ ಪ್ರತ್ಯೇಕ ವರ್ಗವೆಂದು ಗುರುತಿಸಿದ ಈ ಕೋಶಗಳು ಸತ್ತ ಕೋಶಗಳ ಚೂರುಗಳನ್ನು ನುಂಗುತ್ತವೆ, ಸೋಂಕಿನ ಸುಳಿವು ಸಿಕ್ಕಾಗ ಸೈಟೊಕೈನ್‌ಗಳೆಂಬ ಸಂಕೇತ ಪ್ರೋಟೀನ್‌ಗಳನ್ನು ಸ್ರವಿಸುತ್ತವೆ, ಕೆಲಸ ಮುಗಿದ ಮೇಲೆ ಶಾಂತವಾಗುತ್ತವೆ. ಮುಪ್ಪಿನಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಆಲ್‌ಝೈಮರ್ ಕಾಯಿಲೆಯಲ್ಲಿ, ಅವು ಶಾಂತವಾಗದೆ ಉಳಿದು, ತಾವು ಕಾಯಬೇಕಾದ ನರಕೋಶಗಳಿಗೇ ಕಂಟಕವಾಗುವುದುಂಟು. ಆಹಾರದಲ್ಲಿರುವ ಸಸ್ಯಮೂಲದ ಸಂಯುಕ್ತಗಳು ಈ ಕೆರಳಿಕೆಯನ್ನು ತಗ್ಗಿಸಬಲ್ಲವೇ ಎಂಬ ಪ್ರಶ್ನೆಗೆ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಉದಾಹರಣೆಗಳಲ್ಲಿ ಒಂದು ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್.

1815ರಲ್ಲಿ ಫೋಗೆಲ್ ಮತ್ತು ಪೆಲ್ತಿಯೇ ಬೇರ್ಪಡಿಸಿದ, 1910ರಲ್ಲಿ ರಚನೆ ನಿರ್ಧಾರವಾದ ಈ ಸಂಯುಕ್ತ, ಉರಿಯೂತಕ್ಕೆ ಸಂಬಂಧಿಸಿದ ಜೀನುಗಳನ್ನು ಚಾಲನೆಗೊಳಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ತಡೆಯುತ್ತದೆಂದು 1995ರಲ್ಲಿ ವರದಿಯಾಯಿತು. 2001ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಆಲ್‌ಝೈಮರ್ ಮಾದರಿಯ ಇಲಿಗಳಿಗೆ ಮೇವಿನಲ್ಲಿ ಕರ್ಕ್ಯುಮಿನ್ ಬೆರೆಸಿ ಕೊಟ್ಟಾಗ, ಮಿದುಳಿನಲ್ಲಿ ಇಂಟರ್‌ಲ್ಯೂಕಿನ್-1-ಬೀಟಾ ಎಂಬ ಸೈಟೊಕೈನ್ ಕುಗ್ಗಿತು. ಅಮೈಲಾಯ್ಡ್ ಪ್ರೋಟೀನಿನ ಗರಣೆಗಳು ಕೂಡ ಗಣನೀಯವಾಗಿ ಕಡಿಮೆಯಾದವು. ಆದರೆ ಗರಣೆಗಳು ಕರಗಿದ್ದು ಹತ್ತು ಲಕ್ಷಕ್ಕೆ 160 ಭಾಗದ ಸಣ್ಣ ಪ್ರಮಾಣದಲ್ಲಿ ಮಾತ್ರ, 5000 ಭಾಗದ ದೊಡ್ಡ ಪ್ರಮಾಣದಲ್ಲಲ್ಲ. ಹೆಚ್ಚು ತಿಂದಷ್ಟೂ ಹೆಚ್ಚು ಲಾಭ ಎಂಬ ಜಾಹೀರಾತಿನ ತರ್ಕವನ್ನು ಈ ಪ್ರಸಿದ್ಧ ಪ್ರಯೋಗವೇ ಅಲ್ಲಗಳೆದಿತ್ತು ಎಂಬುದನ್ನು ಅದನ್ನು ಉಲ್ಲೇಖಿಸುವವರಲ್ಲಿ ಅನೇಕರು ಮರೆಯುತ್ತಾರೆ.

ಇದರ ಜೊತೆಗೆ ಹರಿಯಾಣದ ಬಲ್ಲಭಗಢದ ಗ್ರಾಮೀಣ ಸಮೀಕ್ಷೆಯನ್ನು ಪೋಣಿಸುವ ರೂಢಿಯೂ ಬೆಳೆಯಿತು. ಅಲ್ಲಿ 65 ದಾಟಿದವರಲ್ಲಿ ಆಲ್‌ಝೈಮರ್ ಪ್ರಮಾಣ ಶೇ. 1.07 ಮಾತ್ರ ಎಂದು 1998ರಲ್ಲಿ ಪ್ರಕಟವಾದಾಗ, ಸಮೀಕ್ಷೆಯು ಅರಿಶಿನವನ್ನು ಅಳೆದೇ ಇರದಿದ್ದರೂ ಶ್ರೇಯಸ್ಸು ಅರಿಶಿನಕ್ಕೆ ಸಂದಿತು. ಅಲ್ಪಾಯುಷ್ಯ, ಮರೆವನ್ನು ವಯೋಸಹಜವೆಂದು ಬಿಟ್ಟುಬಿಡುವ ಮನೋಭಾವ, ಆನುವಂಶಿಕ ವ್ಯತ್ಯಾಸ ಇವೆಲ್ಲ ಹಿನ್ನೆಲೆಗೆ ಸರಿದವು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಎಲ್ಲ ಬಗೆಯ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಶೇ. 7.4ರಷ್ಟಿದೆ. ಎರಡೂ ಅಳತೆಗಳ ವ್ಯಾಪ್ತಿ ಬೇರೆಯಾದುದರಿಂದ ನೇರ ಹೋಲಿಕೆ ಸಲ್ಲದಾದರೂ, ಅರಿಶಿನ ಉಣ್ಣುವ ದೇಶಕ್ಕೆ ಈ ಕಾಯಿಲೆಯಿಂದ ವಿನಾಯಿತಿಯಿದೆ ಎಂಬ ಮಾತು ಇನ್ನು ನಿಲ್ಲದು.

ನಿಜವಾದ ತೊಡಕು ಕರ್ಕ್ಯುಮಿನ್‌ನ ಸ್ವಭಾವದಲ್ಲೇ ಇದೆ. ಅದು ನೀರಿನಲ್ಲಿ ಕರಗದು. ಕರುಳಿನ ಗೋಡೆ ಮತ್ತು ಯಕೃತ್ತು ಅದನ್ನು ಬೇಗನೆ ರೂಪಾಂತರಿಸಿ ಹೊರಹಾಕುತ್ತವೆ. ಕ್ಷಾರದ ಸಂಪರ್ಕದಲ್ಲಿ ಅದು ಉಳಿಯದು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದೊಡನೆ ಓಕುಳಿ ಕೆಂಪೇರುವುದು, ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಬಟ್ಟೆ ಕೆಂಪಾಗುವುದು ಇದೇ ಅಣು ಕ್ಷಾರಕ್ಕೆ ಪ್ರತಿಕ್ರಿಯಿಸುವ ಪರಿ. ರಕ್ತದಷ್ಟೇ ಸೌಮ್ಯ ಕ್ಷಾರೀಯತೆಯುಳ್ಳ, ಆದರೆ ರಕ್ತದ ಪ್ರೋಟೀನುಗಳಿಲ್ಲದ ದ್ರಾವಣದಲ್ಲಿ ಅದರ ಸುಮಾರು ಶೇ. 90 ಭಾಗ ಅರ್ಧ ಗಂಟೆಯೊಳಗೆ ವಿಘಟನೆಯಾಗುತ್ತದೆಂದು 1997ರ ಅಧ್ಯಯನವೊಂದು ತೋರಿಸಿತು. ಆಲ್‌ಝೈಮರ್ ರೋಗಿಗಳಿಗೆ ದಿನಕ್ಕೆ 2 ಅಥವಾ 4 ಗ್ರಾಂ ಕೊಟ್ಟು 24 ವಾರ ನಡೆಸಿ 2012ರಲ್ಲಿ ಪ್ರಕಟಿಸಿದ ಅಮೆರಿಕದ ಪರೀಕ್ಷೆಯಲ್ಲಿ ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ ಸುಮಾರು 7 ನ್ಯಾನೊಗ್ರಾಂ. ರೋಗದ ಗತಿಯೂ ಬದಲಾಗಲಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮೈಕ್ರೋಗ್ಲಿಯಾಗಳಿಗೆ ಸಾಮಾನ್ಯವಾಗಿ ಉಣಿಸುವ ಸಾಂದ್ರತೆ ಇದರ ನೂರಾರು ಪಟ್ಟು ಹೆಚ್ಚಿರುತ್ತದೆ. ಹೀಗಿರುವಾಗ ತಟ್ಟೆಯ ಫಲಿತಾಂಶವನ್ನು ಊಟದ ತಟ್ಟೆಗೆ ಅನ್ವಯಿಸುವುದು ದುಡುಕು.

ಊಟದ ಲೆಕ್ಕ ಇನ್ನೂ ಚಿಕ್ಕದು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3 ಎಂದಿಟ್ಟುಕೊಂಡರೆ, ದಿನಕ್ಕೆ 2 ಗ್ರಾಂ ಪುಡಿ ಬಳಸುವವರಿಗೆ ದೊರೆಯುವುದು 60 ಮಿಲಿಗ್ರಾಂ. ಅದರಲ್ಲೂ ಒಲೆಯ ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಳೆದು 2007ರಲ್ಲಿ ಪ್ರಕಟಿಸಿದರು: ಬೇಯಿಸಿದಾಗ ಶೇ. 27ರಿಂದ 53ರಷ್ಟು ನಷ್ಟ, ಅತಿ ಹೆಚ್ಚು ನಷ್ಟ ಪ್ರೆಷರ್ ಕುಕ್ಕರಿನಲ್ಲಿ. ತೊಗರಿಬೇಳೆ ಸೇರಿಸಿದರೂ ಅಷ್ಟೇ. ಹುಣಸೆಹಣ್ಣು ಸೇರಿದಾಗ ಮಾತ್ರ ನಷ್ಟ ಶೇ. 12ರಿಂದ 30ಕ್ಕೆ ಇಳಿಯಿತು. ಹುಳಿ, ಸಾರುಗಳ ಆಮ್ಲೀಯತೆ ಈ ಅಣುವಿಗೆ ಒಗ್ಗುತ್ತದೆಂಬ ಈ ಮಾಹಿತಿ, ನೂರಾರು ಕೋಶಪ್ರಯೋಗಗಳಿಗಿಂತ ಆಹಾರದ ಪ್ರಶ್ನೆಗೆ ಹತ್ತಿರವಾದುದು.

ಸಾರಿನಲ್ಲಿ ಬೀಳುವ ಇನ್ನೊಂದು ವಸ್ತು ಕರಿಮೆಣಸು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರಾಂಶವಾದ ಪೈಪರಿನ್ 20 ಮಿಲಿಗ್ರಾಂ ಸೇವಿಸಿದವರ ರಕ್ತಕ್ಕೆ ಕರ್ಕ್ಯುಮಿನ್‌ನ ಲಭ್ಯತೆ ಶೇ. 2000ದಷ್ಟು ಏರಿತು. ಮೂಲಮಟ್ಟವೇ ಶೂನ್ಯದ ಆಸುಪಾಸಿನಲ್ಲಿದ್ದಾಗ ಶೇಕಡಾವಾರು ಏರಿಕೆ ಭಾರಿಯಾಗಿ ತೋರುವುದು ಸಹಜ. ಆ 2 ಗ್ರಾಂ ಪಡೆಯಲು ಅರಿಶಿನ ಪುಡಿಯನ್ನು 60 ಗ್ರಾಂ ಮೀರಿ ತಿನ್ನಬೇಕಾಗುತ್ತದೆ. ಪೈಪರಿನ್ ಯಕೃತ್ತಿನ ರೂಪಾಂತರ ಕ್ರಿಯೆಯನ್ನು ನಿಧಾನಿಸುವುದರಿಂದ ಅಪಸ್ಮಾರಕ್ಕೆ ಕೊಡುವ ಫೆನಿಟೊಯಿನ್‌ನಂಥ ಔಷಧಗಳ ಮಟ್ಟವನ್ನೂ ಏರಿಸುತ್ತದೆ. ಸಾಂದ್ರೀಕೃತ ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ. ಅಡುಗೆಯ ಅರಿಶಿನಕ್ಕಿರುವ ನಿರಪಾಯದ ಹೆಸರನ್ನು ಈ ಮಾತ್ರೆಗಳು ಎರವಲು ಪಡೆಯಲಾರವು.

ಹೀರಿಕೆ ಸುಧಾರಿಸಿದ ಕರ್ಕ್ಯುಮಿನ್‌ನಿಂದ ಒಂದಿಷ್ಟು ಆಶಾದಾಯಕ ಫಲಿತಾಂಶವೂ ಬಂದಿದೆ. 2018ರಲ್ಲಿ ಪ್ರಕಟವಾದ 18 ತಿಂಗಳ ಪರೀಕ್ಷೆಯಲ್ಲಿ, ಡಿಮೆನ್ಷಿಯಾ ಇಲ್ಲದ 40 ಜನರ ಪೈಕಿ ದಿನಕ್ಕೆರಡು ಬಾರಿ 90 ಮಿಲಿಗ್ರಾಂ ಪಡೆದವರ ಸ್ಮರಣಶಕ್ತಿ ಹುಸಿಮಾತ್ರೆ ಪಡೆದವರಿಗಿಂತ ಉತ್ತಮಗೊಂಡಿತು. ಗುಂಪು ತೀರ ಚಿಕ್ಕದು.

ರಕ್ತ ಸೇರದ ಕರ್ಕ್ಯುಮಿನ್ ವ್ಯರ್ಥವೆಂದು ಭಾವಿಸಬೇಕಾಗಿಲ್ಲ, ಏಕೆಂದರೆ ಅದು ಕರುಳಿನಲ್ಲಿ ಹೆಚ್ಚಿನ ಸಾಂದ್ರತೆಯಲ್ಲಿ ಉಳಿಯುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ರೂಪಾಂತರಿಸಬಲ್ಲವು. ಅದಕ್ಕೆ ಬೇಕಾದ ಕಿಣ್ವವೊಂದನ್ನು ಇ. ಕೋಲಿಯಲ್ಲಿ ಜಪಾನಿನ ತಂಡ 2011ರಲ್ಲಿ ಗುರುತಿಸಿತು. ಕರುಳಿನ ಗೋಡೆ ಸಡಿಲಗೊಂಡಾಗ ಬ್ಯಾಕ್ಟೀರಿಯಾಗಳ ಹೊರಪದರದ ಚೂರುಗಳು ರಕ್ತಕ್ಕೆ ನುಸುಳಿ ದೂರದ ಮೈಕ್ರೋಗ್ಲಿಯಾಗಳನ್ನೂ ಕೆರಳಿಸಬಲ್ಲವಾದ್ದರಿಂದ, ಮಿದುಳಿಗೆ ತಲುಪದೆಯೇ ಮಿದುಳಿಗೆ ನೆರವಾಗುವ ದಾರಿ ಅಸಂಭವವೇನಲ್ಲ. ಇದನ್ನು ಪರೀಕ್ಷಿಸಲು ಮಾತ್ರೆಗಿಂತ ನಿಗದಿತ ಊಟವೇ ಸೂಕ್ತ. ಆ ಊಟದ ಮೊದಲು ಮತ್ತು ನಂತರ ರಕ್ತದಲ್ಲಿನ ಈ ಚೂರುಗಳನ್ನೂ, ಪೆಟ್ ಸ್ಕ್ಯಾನ್ ಮೂಲಕ ಕೆರಳಿದ ಮೈಕ್ರೋಗ್ಲಿಯಾಗಳಲ್ಲಿ ಹೆಚ್ಚುವ ಟಿಎಸ್‌ಪಿಒ ಎಂಬ ಪ್ರೋಟೀನನ್ನೂ ಅಳೆಯಬೇಕಾಗುತ್ತದೆ. ಈ ಪ್ರೋಟೀನಿನ ಜೀನಿನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಒಂದು ಸಣ್ಣ ವ್ಯತ್ಯಾಸವೇ ಸ್ಕ್ಯಾನಿನ ಓದನ್ನು ಏರುಪೇರು ಮಾಡುವುದರಿಂದ, ಭಾಗವಹಿಸುವವರನ್ನು ಮೊದಲು ಆ ಜೀನಿನ ಆಧಾರದ ಮೇಲೆ ವಿಂಗಡಿಸದೆ ಅಧ್ಯಯನವನ್ನು ಆರಂಭಿಸುವಂತಿಲ್ಲ.